ಕಣಿಗಾತಿ ಅನ್ನಿಸಿಕೊಳ್ಳುವುದು

ಚಿಕ್ಕಗೌರಮ್ಮನ ಗಂಡ ಹುಚ್ಚಣ್ಣ ತೆಂಗಿನ ಮರದಿಂದ ಬಿದ್ದು ಸತ್ತ ಮೇಲೆ ಹಂದನಕೆರೆ ಕಡೆಯ ಆ ಊರಿಗೆ ಒಂದು ಹಳೆಯ ಮಾತು ನೆನಪಾಯಿತು. ಎಮರ್ಜೆನ್ಸಿ ಮುಗಿದ ವರ್ಷ ಅದು. ಊರಲ್ಲಿ ಹೊಸ ಮಾತುಗಳೇ ಹೆಚ್ಚು ಓಡಾಡುತ್ತಿದ್ದವು. ಈ ಹಳೆಯದನ್ನು ಎತ್ತಿ ತಂದವಳು ಬೇಲಿಯಾಚೆಯ ಹುಚ್ಚಕ್ಕ. ಅವತ್ತು ಬೆಳಗ್ಗೆ ಚಿಕ್ಕಗೌರಮ್ಮ ಗಂಡನಿಗೆ "ಇವತ್ತು ಮರ ಹತ್ತೋದು ಬ್ಯಾಡ ಬುಡಿ" ಅಂದದ್ದನ್ನು ಕಿವಿಯಾರೆ ಕೇಳಿದ್ದಾಗಿ ಅವಳು ಮೊದಲು ಬಾವಿಕಟ್ಟೆಯಲ್ಲಿ, ಆಮೇಲೆ ಎಲ್ಲ ಕಡೆ ಹೇಳಿದಳು. ತಿಥಿಯ ಊಟದ ಹೊತ್ತಿಗೆ ಚಿಕ್ಕಗೌರಮ್ಮ ಕಣಿಗಾತಿ ಆಗಿದ್ದಳು.

ಅಲ್ಲಿಯವರೆಗೆ ಆ ಮಾತು ಉಳಿದಿದ್ದು ಚುಚ್ಚುಮಾತಾಗಿ ಮಾತ್ರ. ಮಳೆ ಬಂದೀತೆಂದು ಒಣಹಾಕಿದ ಹಪ್ಪಳ ಒಳಗಿಟ್ಟವಳನ್ನು "ಬಂದ್ಳು ಕಣೇ ಕಣಿಗಾತಿ" ಎಂದು ಆಡಿಕೊಳ್ಳುವುದಕ್ಕೆ. ನಿಜವಾದ ಅರ್ಥ ಬಲ್ಲವರು ನಿವೃತ್ತ ಮೇಷ್ಟ್ರು ರೇವಣಸಿದ್ದಯ್ಯ ಒಬ್ಬರೇ. ಯಾರಾದರೂ ಕೇಳಲಿ ಎಂದು ಅವರು ಎಷ್ಟೋ ವರ್ಷ ಕಾದಿದ್ದರು. ಅದಕ್ಕೆ ಒಂದು ಸಾವು ಬೇಕಾಯಿತು. ಎಲೆ ಮಡಿಚುತ್ತ ವಿವರಿಸಿದರು: ಕಣಿ ಅಂದರೆ ಕಂಡದ್ದು. ಕಣಿಗಾತಿ ಮುಂದೆ ಆಗುವುದನ್ನು ಕಾಣುತ್ತಾಳೆ, ಹೇಳುತ್ತಾಳೆ, ಅಷ್ಟೇ. ತಡೆಯುವುದು ಅವಳ ಕೆಲಸವಲ್ಲ, ಹಾಗಾಗಿ ತಪ್ಪೂ ಅವಳ ಮೇಲೆ ಬರುವುದಿಲ್ಲ. ಆ ಹೆಸರನ್ನು ಬಳಸುವುದಕ್ಕೂ ಕಟ್ಟುಪಾಡಿತ್ತಂತೆ. ಜುಟ್ಟಿರುವ ತೆಂಗಿನಕಾಯಿಯೊಂದನ್ನು ಮುಂದಿಟ್ಟು ಕಣಿಗಾತಿ ಎಂದು ಕರೆಯಬೇಕು. ಅವಳು ಕಾಯನ್ನು ಕೈಗೆತ್ತಿಕೊಂಡರೆ ಒಪ್ಪಿದಂತೆ. ಆಮೇಲೆ ಯಾರೂ ಅವಳನ್ನು ಅವಳ ಹೆಸರಿನಿಂದ ಕೂಗುವಂತಿಲ್ಲ, ಮನೆ ಬಿಟ್ಟು ಕಳಿಸುವಂತಿಲ್ಲ.

ಆ ಕೊನೆಯ ಮಾತು ಅತ್ತೆ ಬೋರಮ್ಮನ ಕಿವಿಗೆ ಬಿತ್ತು. ಮಕ್ಕಳಿಲ್ಲದ ಅತ್ತಿಗೆಯನ್ನು ಕರೆದುಕೊಂಡು ಹೋಗಿ ಎಂದು ಚಿಕ್ಕ ಮಗ ತಿಮ್ಮಯ್ಯ ಕೆಂಕೆರೆಗೆ, ಅವಳ ಅಣ್ಣನಿಗೆ, ಆಗಲೇ ಹೇಳಿಕಳಿಸಿದ್ದ. ಬೋರಮ್ಮನಿಗೆ ಸೊಸೆ ಬೇಕಾಗಿದ್ದಳು. ಮಗ ಸತ್ತದ್ದು ಸುಮ್ಮನೆ ಕಾಲು ಜಾರಿ ಅಲ್ಲ, ಮೊದಲೇ ಗೊತ್ತಾಗಿದ್ದ ಸಾವು ಅನ್ನುವುದೂ ಬೇಕಾಗಿತ್ತು. ಎರಡೂ ಒಂದೇ ಮಾತಿನಲ್ಲಿ ಸಿಗುತ್ತಿದ್ದವು.

ಚಿಕ್ಕಗೌರಮ್ಮನಿಗೆ ಇದೆಲ್ಲ ಬೇರೆ ಯಾರದೋ ಮನೆಯ ಸುದ್ದಿಯಂತೆ ಕೇಳಿಸುತ್ತಿತ್ತು. ಮುದ್ದೆ ಇಟ್ಟರೆ ಉಂಡಳು, ಚಾಪೆ ಹಾಸಿದರೆ ಮಲಗಿದಳು. ಅಳು ಬಂದಿರಲಿಲ್ಲ. ಅದನ್ನೂ ಹೆಂಗಸರು ಕಣಿಗಾತಿಯ ಲಕ್ಷಣಕ್ಕೇ ಸೇರಿಸಿದರು: ಮೊದಲೇ ಗೊತ್ತಿದ್ದವಳು ಯಾಕೆ ಅಳುತ್ತಾಳೆ?

ಅಣ್ಣ ರಂಗಪ್ಪ ಗಾಡಿ ಕಟ್ಟಿಕೊಂಡು ಬಂದ ದಿನ ಜಗಲಿಯಲ್ಲಿ ಜನ ಸೇರಿದರು. ಬೋರಮ್ಮ ಸೊಸೆಯ ಮುಂದೆ ಕಾಯಿ ಇಟ್ಟು ಕೈಮುಗಿದಳು.

"ಕಣಿಗಾತಿ, ಅವತ್ತು ನಿಂಗೆ ಕಂಡಿತ್ತು ಅಲ್ವೇನವ್ವ? ಹೂಂ ಅನ್ನು, ಸಾಕು."

ಚಿಕ್ಕಗೌರಮ್ಮ ಕಾಯಿಯನ್ನೇ ನೋಡಿದಳು. ಎತ್ತಿಕೊಂಡರೆ ಈ ಮನೆಯಲ್ಲೇ ಇರಬಹುದು. ಗಂಡ ಬೀಳುವುದನ್ನು ಮೊದಲೇ ಕಂಡೂ ಒಳಗೆ ರೊಟ್ಟಿ ತಟ್ಟುತ್ತ ಕೂತವಳಾಗಿ ಇರಬೇಕು. ಮೇಷ್ಟ್ರ ಪ್ರಕಾರ ಅದು ತಪ್ಪಲ್ಲ. ಮೇಷ್ಟ್ರು ಹುಚ್ಚಣ್ಣನ ಹೆಂಡತಿಯಾಗಿರಲಿಲ್ಲ.

"ನಂಗೇನೂ ಕಾಣ್ಲಿಲ್ಲ ಕಣತ್ತೆ," ಅಂದಳು. "ಹುರುಳಿ ಬಡಿಯೋದಿತ್ತು. ಒಬ್ಳ ಕೈಲಿ ಆಗಲ್ಲ ಅಂತ ಬ್ಯಾಡ ಅಂದೆ."

ಕಣಿಗಾತಿಯರು ಹೀಗೇ ಮುಚ್ಚಿಡುವುದು ಎಂದು ಹುಚ್ಚಕ್ಕ ಶುರುಮಾಡಿದವಳು ಬೋರಮ್ಮನ ಮುಖ ನೋಡಿ ನಿಲ್ಲಿಸಿದಳು.

"ಹುರುಳಿಗಾ?" ಅಂದಳು ಬೋರಮ್ಮ.

"ಹೂಂ."

ಬೋರಮ್ಮ ಎದ್ದು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಹೊರಗೂ ಬರಲಿಲ್ಲ. ತಿಮ್ಮಯ್ಯ ಟ್ರಂಕನ್ನು ತಂದು ಗಾಡಿಗೆ ಏರಿಸಿದ. ರಂಗಪ್ಪ ಎತ್ತುಗಳನ್ನು ಕಟ್ಟಿ, "ಕೂತ್ಕೋ ಗೌರಿ" ಅಂದ. ಅವಳು ಕೂತಳು. ಹುಲಿಯಾರು ರಸ್ತೆ ಸಿಗುವವರೆಗೂ ಬಿಸಿಲು ಅವಳ ಒಂದೇ ಕೆನ್ನೆಗೆ ಹೊಡೆಯುತ್ತಿತ್ತು. ಪಕ್ಕಕ್ಕೆ ಸರಿಯಬಹುದೆಂದು ಅವಳಿಗೆ ಹೊಳೆಯಲಿಲ್ಲ.