ಡಾಕ್ಟರಿಗೆ ತೋರಿಸುವ ಮೊಣಕೈ

ಅತ್ತೆಯ ಮೊಣಕೈಗಳು ಡಾಕ್ಟರ ಮುಂದೆ ಹೋದಾಗಲೆಲ್ಲ ಸೊಸೆಯನ್ನು ಸುಳ್ಳುಗಾತಿ ಮಾಡಿಬಿಡುತ್ತಿದ್ದವು. ಸೋರಿಯಾಸಿಸ್ ಎದ್ದ ಆ ಮೊಣಕೈಗಳಿಗೆ ಬೆಳಗ್ಗೆ ಸಂಜೆ ತಪ್ಪದೆ ಮುಲಾಮು ಹಚ್ಚುವವಳು ಅವಳೇ. ಮನೆಯಲ್ಲಿ ನೋಡಿದರೆ ಹೊಟ್ಟು ಉದುರುವುದು ನಿಂತು ಚರ್ಮ ಬೆಣ್ಣೆಯಂತಿರುತ್ತಿತ್ತು. ಆಸ್ಪತ್ರೆಯಲ್ಲಿ ತೋಳು ಮೇಲೇರಿಸಿದರೆ ಮಾತ್ರ ಕೆಂಡದಂತೆ ಕೆಂಪು!

"ನೀವು ಹಚ್ತಾನೇ ಇಲ್ಲ," ಎಂದು ಕಳೆದ ಸಲ ಡಾಕ್ಟರಮ್ಮ ಮುಖಕ್ಕೆ ಹೊಡೆದಂತೆ ಹೇಳಿದ್ದರು. "ಇನ್ನೊಂದ್ಸಲ ಹೀಗೇ ಇದ್ರೆ ಮಾತ್ರೆನೇ ಗತಿ. ಅದು ಲಿವರ್‌ಗೆ ಭಾರ."

ಅತ್ತೆಯ ಲಿವರ್ ಮೊದಲೇ ಅಷ್ಟಕ್ಕಷ್ಟೆ. ಹಚ್ಚಿದವಳು ನಾನು, ನನಗೆ ಗೊತ್ತಿಲ್ಲವೇ, ಎಲ್ಲೋ ಏನೋ ಎಡವಟ್ಟಾಗುತ್ತಿದೆ ಎಂದು ಸೊಸೆ ಎದೆ ಗಟ್ಟಿಮಾಡಿಕೊಂಡಿದ್ದಳು.

ಮತ್ತೆ ತೋರಿಸುವ ದಿನ ಬಂತು. ಹೊರಡುವ ಹೊತ್ತಿಗೆ ಬಚ್ಚಲಿನಿಂದ ಕರಕರ ಸದ್ದು. ಬಾಗಿಲು ತಳ್ಳಿದರೆ, ಅತ್ತೆ ಹಿಮ್ಮಡಿ ಉಜ್ಜುವ ಕಲ್ಲಿನಿಂದ ಬಲ ಮೊಣಕೈಯನ್ನು ತಳ ಹಿಡಿದ ಪಾತ್ರೆ ತಿಕ್ಕಿದಂತೆ ತಿಕ್ಕುತ್ತಿದ್ದಾರೆ!

"ಅಯ್ಯೋ ಅತ್ತೆ, ಏನ್ಮಾಡ್ತಿದೀರ?"

"ಇನ್ನೇನು? ಜಿಡ್ಡು ಕೈ ಹಿಡ್ಕೊಂಡು ಡಾಕ್ಟರ ಹತ್ರ ಹೋಗಕ್ಕಾಗುತ್ತಾ? ಮನೆ ಮರ್ಯಾದೆ ಅಂತ ಒಂದಿಲ್ವಾ?"

"ಪ್ರತಿ ಸಲಾನೂ ಹೀಗೇನಾ?"

"ಮತ್ತೆ? ನಾನೇನು ನಿನ್ನ ಹಾಗೆ ಸೋಮಾರೀನಾ?"

ಸೊಸೆಗೆ ಸಿಟ್ಟೂ ನಗುವೂ ಒಟ್ಟಿಗೇ ಉಕ್ಕಿ ಬಂದವು. ಕಲ್ಲು ಕಿತ್ತುಕೊಂಡಳು. ಪುಣ್ಯಕ್ಕೆ ಎಡಗೈ ಇನ್ನೂ ಉಳಿದಿತ್ತು.

"ಅದು ಹಾಗೇ ಇರ್ಲಿ."

"ಒಂದು ತೊಳ್ದು ಒಂದು ಬಿಟ್ರೆ ಅರೆಮರುಳು ಅನ್ಕೊಳಲ್ವೇನೇ ನನ್ನ?"

"ಅನ್ಕೊಳ್ಳಿ ಬಿಡಿ. ನಡೀರಿ."

ಡಾಕ್ಟರಮ್ಮನ ಮೇಜಿನ ಮೇಲೆ ಸೊಸೆ ಎರಡೂ ಮೊಣಕೈಗಳನ್ನು ಅಕ್ಕಪಕ್ಕ ಇಡಿಸಿದಳು. ಬಲದ್ದು ಸುಲಿದಂತೆ ಕೆಂಪು. ಎಡದ್ದು ನುಣುಪಾಗಿ, ಕಲೆ ಮಾಸುತ್ತ ಬಂದಿತ್ತು.

"ಈ ಎಡಗೈಗೆ ಯಾವ ಮುಲಾಮು ಹಚ್ಚಿದ್ರಿ?"

"ಎರಡಕ್ಕೂ ನೀವು ಕೊಟ್ಟಿದ್ದೇ, ಮೇಡಂ."

"ಮತ್ತೆ ಬಲಗೈ ಯಾಕೆ ಹೀಗೆ?"

"ಅತ್ತೆ, ನೀವೇ ಹೇಳಿ."

ಅತ್ತೆ ಬೆನ್ನು ನೆಟ್ಟಗೆ ಮಾಡಿ, ತಮ್ಮ ಶುಚಿತ್ವದ ಕಥೆಯನ್ನು ಹೆಮ್ಮೆಯಿಂದಲೇ ಹೇಳಿದರು. ಕೇಳುತ್ತ ಕೇಳುತ್ತ ಡಾಕ್ಟರಮ್ಮನ ಪೆನ್ನು ನಿಂತಿತು.

"ಸುಮ್ಮನೆ ನಿಮ್ಮ ಸೊಸೇನ ಬೈದೆನಲ್ಲಮ್ಮ! ಉಜ್ಜಿದಷ್ಟೂ ಅದು ಕೆರಳುತ್ತೆ. ಮಾತ್ರೆ ಬೇಡ. ಇದನ್ನೇ ಹಚ್ಚಿ. ಗುಣವಾಯ್ತು ಅಂತ ನೀವಾಗಿ ನಿಲ್ಲಿಸ್ಬೇಡಿ, ಬಂದು ತೋರಿಸ್ತಾ ಇರಿ."

"ಜಿಡ್ಡು ಕೈಲೇ ಬರ್ಬೇಕಾ?"

"ಜಿಡ್ಡು ಕೈಲೇ!"

ಅತ್ತೆಯ ಮುಖ ಸಪ್ಪಗಾಯಿತು. "ಹೊರಗೆ ಕೂತೋರು ನೋಡಿದ್ರೆ ಏನಂತಾರೋ," ಎಂದು ಗೊಣಗಿದರು.

ಸೊಸೆ ಅವರ ತೋಳು ಇಳಿಸುತ್ತ ನಕ್ಕಳು. "ನೋಡ್ಲಿ ಅತ್ತೆ. ಯಾರು ಹಚ್ಚಿದ್ದು ಅಂತ ಕೇಳಿದ್ರೆ ನನ್ನ ತೋರಿಸಿ."