ಮೂರು ನೀರಲ್ಲಿ ತೊಳೆದ ಬೂದಿ

ಇಪ್ಪತ್ತೆರಡು ದಿನ ವಿಷ ಉಣಿಸಿದರೂ ಸೊಸೆಯ ಕ್ಯಾಟಲಿಸ್ಟ್‌ಗೆ ವಿಷ ಏರಲಿಲ್ಲ.

ಅದೊಂದು ಬೆರಳುದ್ದದ ಇಟ್ಟಿಗೆ, ಮೈತುಂಬ ಜೇನುಗೂಡಿನಂಥ ತೂತು. ಚಿಮಣಿಯ ಹೊಗೆ ಅದರೊಳಗೆ ಹಾಯುವಾಗ, ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡು ಅಮೋನಿಯದ ಜೊತೆ ಸೇರಿ, ಯಾರಿಗೂ ತೊಂದರೆ ಕೊಡದ ನೈಟ್ರೋಜನ್ ಮತ್ತು ನೀರಾಗಿ ಹೊರಗೆ ಹೋಗಬೇಕು. ಆದರೆ ಸೌದೆ ಉರಿಸುವ ಬಾಯ್ಲರಿನ ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತದೆ. ಕರೆಯದೆ ಬಂದ ನೆಂಟನ ಹಾಗೆ ಅದು ಅಮೋನಿಯದ ಜಾಗದಲ್ಲಿ ಕೂತುಬಿಟ್ಟರೆ ಮತ್ತೆ ಏಳುವ ಮಾತೇ ಇಲ್ಲ. ಅಂಥವರಿಗೆಂದೇ ಸೊಸೆ ಹೊರಗೊಂದು ಬೆಂಚು ಹಾಕಿದ್ದಳು: ಪೊಟ್ಯಾಸಿಯಂ ಅನ್ನು ಬಾಗಿಲಲ್ಲೇ ಹಿಡಿದು ಕೂರಿಸುವ ತೆಳು ಪದರ. ಕ್ಯಾಟಲಿಸ್ಟ್ ಮೂವತ್ತು ದಿನ ಉಳಿದರೆ ಅವಳ ಕೆಲಸವೂ ಇನ್ನೆರಡು ವರ್ಷ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಹೇಳಿದ್ದರು.

ಪರೀಕ್ಷೆಗೆಂದು ದಿನವೂ ಇಟ್ಟಿಗೆಗೆ ಉಣಿಸುವ ಬೂದಿ ಕಳಿಸುತ್ತಿದ್ದವರು ಮಾವ. ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷದಿಂದ ಒಂದೇ ಬಾಯ್ಲರನ್ನು ಮಗುವಿನಂತೆ ಸಾಕಿದವರು. ಆ ಶನಿವಾರ ಬೂದಿ ಮುಗಿದು, ಸೊಸೆ ತಾನೇ ಡಬ್ಬಿ ಹಿಡಿದು ಕಾರ್ಖಾನೆಗೆ ಹೋದಳು. ಬಾಯ್ಲರ್ ಕೋಣೆಯ ಹಿಂದೆ ಸಾಲಾಗಿ ಮೂರು ಬಕೆಟ್. ಚಾದರದ ಮೇಲೆ ಬೂದಿ ಬಿಸಿಲು ಕಾಯುತ್ತಿತ್ತು.

"ಏನು ಮಾವ ಇದು?"

"ನಿನ್ನ ಬೂದಿ ಕಣಮ್ಮ. ಮೂರು ನೀರಲ್ಲಿ ತೊಳೆದು, ಬಟ್ಟೇಲಿ ಸೋಸಿದೀನಿ."

"ಪ್ರತಿ ಸಲ ತೊಳೀತೀರಾ?"

"ಮತ್ತೆ? ಸೊಸೆ ಕೆಲಸ ಮಾಡೋ ಜಾಗಕ್ಕೆ ಕೊಳಕು ಕಳಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಸೊಸೆ ಅಲ್ಲೇ ಕುಕ್ಕರಿಸಿದಳು. ಪೊಟ್ಯಾಸಿಯಂ ನೀರಲ್ಲಿ ಕರಗುತ್ತದೆ. ವಿಷವೆಲ್ಲ ಮೋರಿ ಸೇರಿತ್ತು. ಇಷ್ಟು ದಿನ ಅವಳು ಉಣಿಸಿದ್ದು ಬರೀ ಪಥ್ಯದ ಊಟ.

ಇನ್ನೆಂಟು ದಿನ ಬಾಯಿಗೆ ಬೀಗ ಹಾಕಿಕೊಂಡರೆ ಕೆಲಸ ಉಳಿಯುತ್ತಿತ್ತು. ಆಮೇಲೆ ಇಟ್ಟಿಗೆ ನಿಜವಾದ ಚಿಮಣಿ ಏರುತ್ತದೆ. ಅಲ್ಲಿ ಹೊಗೆ ತೊಳೆಯಲು ಯಾವ ಮಾವನೂ ಇರುವುದಿಲ್ಲ.

ಅವಳು ಎದ್ದು, ಚಿಮಣಿಯ ಬುಡದಿಂದ ಕಪ್ಪು ಬೂದಿ ಕೆರೆದು ಡಬ್ಬಿಗೆ ತುಂಬಿದಳು.

"ಅದನ್ನಾ?" ಎಂದರು ಮಾವ. "ಮುಚ್ಚಳ ಹಾಕ್ಕೊಂಡಾದ್ರೂ ಹೋಗಮ್ಮ. ಗೇಟಲ್ಲಿ ಜನ ಇರ್ತಾರೆ."

ಸೋಮವಾರದ ಹೊತ್ತಿಗೆ ಕ್ಯಾಟಲಿಸ್ಟ್‌ನ ಕೆಲಸ ನೂರಕ್ಕೆ ತೊಂಬತ್ತೆರಡರಿಂದ ಅರವತ್ತೊಂದಕ್ಕೆ ಇಳಿದಿತ್ತು. ಸೊಸೆ ಮೇಡಂ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮೇಡಂ ಕನ್ನಡಕ ತೆಗೆದರು. "ಬೂದಿ ತೊಳೆದ್ರಾ?"

"ಮೂರು ನೀರಲ್ಲಿ."

"ನಮ್ಮ ಲ್ಯಾಬಲ್ಲಿ ಬೀಕರನ್ನೇ ಯಾರೂ ಎರಡನೇ ನೀರಲ್ಲಿ ತೊಳೆಯಲ್ಲ." ನಗು ತಡೆಯಲಾರದೆ ಅವರು ಗೋಡೆ ಕಡೆ ತಿರುಗಿದರು. ತಿರುಗಿ ಬಂದಾಗ ಮುಖ ಬಿಗಿದಿತ್ತು. "ಎರಡು ವರ್ಷ ಮರೆತುಬಿಡಿ. ಮೂರು ತಿಂಗಳು ಕೊಡ್ತೀನಿ. ಪದರ ದಪ್ಪ ಮಾಡಿ, ಕೊಳಕು ಬೂದಿ ಹಾಕಿ ತೋರಿಸಿ."

ಸಂಜೆ ಮಾವ ಬಾಗಿಲಲ್ಲೇ ನಿಂತಿದ್ದರು. "ಕೆಲಸ ಹೋಯ್ತೇನಮ್ಮ?"

"ಮೂರು ತಿಂಗಳು ಇದೆ ಮಾವ. ತೀರಾ ಕೆಟ್ಟ ಬೂದಿ ಬೇಕು. ತೊಳೀಬಾರದು, ಸೋಸಬಾರದು."

ಮಾವ ಚಪ್ಪಲಿ ಬಿಟ್ಟರು, ಕೈಕಾಲು ತೊಳೆದರು, ಬಂದು ಕೂತರು.

"ಅಷ್ಟು ಕೆಟ್ಟದ್ದು ನಮ್ಮ ಬಾಯ್ಲರಲ್ಲಿ ಹುಟ್ಟಲ್ಲ," ಎಂದರು ಕೊನೆಗೆ. "ಪಕ್ಕದ ಕಾರ್ಖಾನೆಯವನನ್ನ ಕೇಳ್ತೀನಿ. ಅವನ ಹತ್ರ ಬೇಕಾದಷ್ಟಿರುತ್ತೆ."