ಆದೇಶ ಇರಲಿಲ್ಲ

ಸಂಜಯನಗರದ ವಕೀಲ ಚನ್ನಕೇಶವ ಅವರ ಆಫೀಸಿನಲ್ಲಿ ಕೃಷ್ಣಮ್ಮ ತಮ್ಮ ಫೋನನ್ನು ಮೇಜಿನ ಮೇಲಿಟ್ಟು ನನ್ನ ಕಡೆಗೆ ತಳ್ಳಿದರು. "ನೀನೇ ಓದೇಳವ್ವ ಮಾಲಾ. ನೀನು ಓದ್ದೋಳು."

ಯಲಹಂಕದ ಅಟ್ಟೂರಿನಲ್ಲಿರುವ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಊರ ಗುಂಡುತೋಪಿನ ಹುಣಸೆ ಮರಗಳನ್ನು ಸರ್ಕಾರಿ ಕಚೇರಿಯೊಂದರ ಜನ ಕಡಿಯಲು ಬಂದಾಗ ಕೃಷ್ಣಮ್ಮ ಮರದ ಬುಡದಲ್ಲಿ ನಿಂತು ವಿಡಿಯೊ ಮಾಡಿ ಜಾಲತಾಣದಲ್ಲಿ ಹಾಕಿದ್ದರು. ನೋಡಿದವರೆಲ್ಲ ತೋಪಿಗೆ ಬರತೊಡಗಿದ್ದರು. ಎರಡೇ ದಿನಕ್ಕೆ ವಿಡಿಯೊ ಹೋಯಿತು. ಮತ್ತೆ ಹಾಕಿದರೆ ಮತ್ತೆ ಹೋಯಿತು. ಜನ ಬರುವುದೂ ನಿಂತಿತು. ಉಳಿದ ಹನ್ನೊಂದು ಮರಗಳಿಗೆ ಈಗ ಕಡಿಯಬೇಕೆಂಬ ಬಿಳಿ ಬಣ್ಣದ ಗುರುತು ಬಿದ್ದಿದೆ.

ನಾನು ಓದಿದೆ. "ನಿಮ್ಮ ವಿಡಿಯೊ ನಮ್ಮ ನಿಯಮಗಳಿಗೆ ವಿರುದ್ಧವಾಗಿರುವುದರಿಂದ ಅದನ್ನು ತೆಗೆದುಹಾಕಿದ್ದೇವೆ."

ಓದಬೇಕಾಗಿಯೇ ಇರಲಿಲ್ಲ. ಆ ವಾಕ್ಯವನ್ನು ಕನ್ನಡಕ್ಕೆ ತಂದವಳು ನಾನು. 'ಅಳಿಸಿದ್ದೇವೆ' ಎಂಬುದು ಒರಟಾಯಿತೆಂದು ಬದಲಾಯಿಸಿದ್ದೆ. ಹೆಬ್ಬಾಳದ ಹತ್ತಿರ ಆ ಜಾಲತಾಣದ ಕಂಪನಿಗೆ ಗುತ್ತಿಗೆಯಲ್ಲಿ ಕೆಲಸ ಮಾಡಿಕೊಡುವ ಸಂಸ್ಥೆಯೊಂದಿದೆ. ಅಲ್ಲಿ ಕನ್ನಡದ ಪೋಸ್ಟುಗಳನ್ನು ನೋಡಿ, ಇರಲಿ ಅಥವಾ ಬೇಡ ಎಂದು ಒತ್ತುವುದು ನನ್ನ ಕೆಲಸ. ಕೃಷ್ಣಮ್ಮನಿಗೆ ಗೊತ್ತಿದ್ದದ್ದು ಕಂಪ್ಯೂಟರ್ ಕೆಲಸ ಎಂದಷ್ಟೇ.

"ಕಂಪನಿ ಅದರ ಪಾಡಿಗೆ ಅದು ತೆಗೆದಿದ್ರೆ ಕೋರ್ಟ್ ಕೇಳೋದು ಕಷ್ಟ ಕೃಷ್ಣಮ್ಮೋರೆ," ಎಂದರು ವಕೀಲರು. "ಖಾಸಗಿಯವರು, ಅವರಿಷ್ಟ ಅಂತಾರೆ. ಸರ್ಕಾರ ಹೇಳಿ ತೆಗೆಸಿದ್ರೆ ಮಾತು ಬೇರೆ. ಆದ್ರೆ ಕಚೇರಿಯವರು ಕಂಪನೀನ ಕೇಳಿ ಅಂತಾರೆ, ಕಂಪನಿಯವರು ನಮ್ಮ ನಿಯಮ ಅಂತಾರೆ."

"ಇಬ್ರೂ ನಾನಲ್ಲ ಅಂದ್ರೆ ದೆವ್ವ ಬಂದು ತಗೀತಾ?"

"ದೆವ್ವಕ್ಕೆ ನೋಟಿಸ್ ಕೊಡಕ್ಕಾಗಲ್ಲಮ್ಮ."

ಬಾಗಿಲು ಮುಚ್ಚಿದೆಯೇ ಎಂದು ನೋಡಿದೆ. ಮೂರು ದಿನದಿಂದ ಮನಸ್ಸಿನಲ್ಲೇ ತಿದ್ದಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಆ ಸರ್ಕಾರಿ ಕಚೇರಿಯಿಂದ ಮೇಲ್ ಬಂದಿತ್ತು ಸಾರ್," ಎಂದೆ. "ತೆಗೆದಿದ್ದು ನಾನು."

ಕೃಷ್ಣಮ್ಮ ನನ್ನತ್ತ ತಿರುಗಲಿಲ್ಲ. ಸೆರಗನ್ನು ಸರಿಮಾಡಿಕೊಂಡರು. ವಕೀಲರು ಪೆನ್ನು ತೆಗೆದುಕೊಂಡರು.

"ಆದೇಶನಾ?"

"ಅಲ್ಲ. 'ದಯವಿಟ್ಟು ಪರಿಶೀಲಿಸಿ' ಅಂತ ಒಂದೇ ಸಾಲು. ಅಂಥವು ಬೇರೆ ಪಟ್ಟಿಯಲ್ಲಿ ಬರ್ತವೆ. ಕಾರಣ ಕೇಳಿದ ಕಡೆ ಸರ್ಕಾರ ಅಂತ ಹಾಕಬಾರದು, ನಮ್ಮ ನಿಯಮ ಅಂತಾನೇ ಒತ್ತಬೇಕು."

"ನೀವು ಕೊಡೋ ಅಫಿಡವಿಟ್‌ನಲ್ಲಿ ಆದೇಶ ಅಂತ ಬರೀಲಾ? ಕೇಸ್ ಗಟ್ಟಿಯಾಗುತ್ತೆ."

"ಆದೇಶ ಇರಲಿಲ್ಲ ಸಾರ್."

"ವಿನಂತಿ ಅಂತ ಬರೆದ್ರೆ, ಒಪ್ಪೋದು ಬಿಡೋದು ಕಂಪನಿಗೆ ಸೇರಿದ್ದು ಅಂತ ಎದುರಿನವರು ವಾದ ಮಾಡ್ತಾರೆ. ಆಗ ನಿಮ್ಮ ಕೆಲಸಾನೂ ಹೋಗುತ್ತೆ, ಕೇಸೂ ಹೋಗುತ್ತೆ. ಯೋಚನೆ ಮಾಡಿ."

ಯೋಚಿಸಲು ಹೆಚ್ಚೇನೂ ಇರಲಿಲ್ಲ. ಒಂದು ಸಲ, ಕುಸಿದ ಚರಂಡಿಯ ಫೋಟೊ ಆ ಪಟ್ಟಿಯಲ್ಲಿ ಬಂದಾಗ, ಇರಲಿ ಎಂದು ಒತ್ತಿದ್ದೆ. ಮೇಲ್ವಿಚಾರಕಿ ಪ್ರತಿಭಾ ಮೇಡಂ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. "ಇವು ನಾವು ತೀರ್ಮಾನ ಮಾಡೋವಲ್ಲ ಮಾಲಾ. ಕಂಪನಿ ಈ ದೇಶದಲ್ಲಿ ಬಾಗಿಲು ತೆಗೆದಿಡಬೇಕಲ್ಲ," ಎಂದರು. ಜೋರಾಗಿ ಏನೂ ಹೇಳಲಿಲ್ಲ. ಅವರು ನಿಂತಿದ್ದಂತೆಯೇ ನಾನು ಬೇಡ ಎಂದು ಒತ್ತಿದೆ.

ಅದನ್ನೂ ವಕೀಲರಿಗೆ ಹೇಳಿದೆ. "ಹದಿನಾಲ್ಕು ತಿಂಗಳಲ್ಲಿ ಅಂಥ ಒಂದು ವಿನಂತಿಗೂ ನಾವು ಆಗಲ್ಲ ಅಂದಿಲ್ಲ. ಅದನ್ನ ಬರೀರಿ. ಆದೇಶ ಅಂತ ಮಾತ್ರ ಬೇಡ."

ಆಗ ಕೃಷ್ಣಮ್ಮ ಕೇಳಿದರು. "ನಾನೇ ಅಂತ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಪೂರ್ತಿ ನೋಡ್ದ್ಯಾ?"

"ಒಂಬತ್ತು ಸೆಕೆಂಡು."

ಅವರು ತಲೆಯಾಡಿಸಿದರು. "ಕೊನೇಲಿ ಆ ಮರ ನೆಟ್ಟೋರ ಎಸ್ರೆಲ್ಲ ಏಳಿದ್ದೆ." ಆಮೇಲೆ ವಕೀಲರ ಕಡೆ ತಿರುಗಿ, "ಅವಳು ಏಳ್ದಂಗೇ ಬರೀರಿ ಸ್ವಾಮಿ. ಸುಳ್ಳು ಸೇರಿಸ್ಬ್ಯಾಡಿ. ನಾವು ಸುಳ್ಳಾಡಿದ್ರೆ ಅವರ ನಿಯಮಾನೇ ಸರಿ ಆಗೋಯ್ತದೆ," ಎಂದರು.

ಎರಡು ಪುಟವಾಯಿತು. ನಾನು ಮೂರು ಸಲ ಓದಿದೆ. 'ಒತ್ತಡದಿಂದ' ಎಂದು ವಕೀಲರು ಬರೆದಿದ್ದ ಕಡೆ, 'ಇಂಥ ವಿನಂತಿಯನ್ನು ನಿರಾಕರಿಸುವ ಅವಕಾಶವಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ' ಎಂದು ತಿದ್ದಿಸಿ ಸಹಿ ಹಾಕಿದೆ. ಕೋರ್ಟು ಅದನ್ನು ಒಪ್ಪುತ್ತದೆಯೇ ಎಂದು ವಕೀಲರು ಹೇಳಲಿಲ್ಲ.

ಯಲಹಂಕದ ಬಸ್ಸಿನಲ್ಲಿ ಕೃಷ್ಣಮ್ಮ ಕಿಟಕಿಯ ಕಡೆ ಕೂತರು. ಹೆಬ್ಬಾಳದ ಮೇಲ್ಸೇತುವೆ ದಾಟಿದ ಮೇಲೆ ಕೇಳಿದರು.

"ನಾಳೆ ಕೆಲ್ಸಕ್ಕೆ ಓಗ್ತೀಯಾ?"

"ಅವರಾಗಿ ಬೇಡ ಅನ್ನೋವರೆಗೆ ಹೋಗ್ತೀನಿ ಅಂದ್ಕೊಂಡಿದೀನಿ."

"ಓಗ್ಬ್ಯಾಡ ಕಣವ್ವ," ಎಂದರು, ಹೊರಗೇ ನೋಡುತ್ತಾ. "ನಾಳೆ ಇನ್ಯಾರದೋ ವಿಡಿಯೊ ಬರ್ತದೆ, ನಿನ್ನ ಕೈಗೆ."